ನೆಟ್ಟಗಣ್ಣನ ರಿಪೇರಿ ಪುಸ್ತಕ

ನಮ್ಮ ಭೂವಿಜ್ಞಾನ ಕೇಂದ್ರದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿತ್ತು, ಅದರ ಮುಂದೆ ದಿನಾ ಸಹಿ ಹಾಕುತ್ತಿದ್ದರು, ಅಷ್ಟೇ. ಮಿಕ್ಕಂತೆ ವಿಭಾಗದ ಮುಖ್ಯಸ್ಥರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವರು ನೆಟ್ಟಗಣ್ಣ. ಗೋಡೆಯ ಮೇಲಿನ ನಕ್ಷೆ ಕೂದಲೆಳೆಯಷ್ಟು ವಾಲಿದ್ದರೂ ಅವರ ಕೈ ಅಲ್ಲಿಗೆ ಹೋಗುತ್ತಿತ್ತು. ನನ್ನ ಮೇಜಿನ ಮೇಲೆ ಅಡ್ಡಾದಿಡ್ಡಿ ಬಿದ್ದ ಪೆನ್ನುಗಳು ಅವರು ಬಂದು ಹೋದ ಮೇಲೆ ಸಾಲಾಗಿ ನಿಂತಿರುತ್ತಿದ್ದವು. "ನೆಟ್ಟಗಿರ್ಲಿ" ಎಂದು ತಮಗೆ ತಾವೇ ಹೇಳಿಕೊಂಡು ಸರಿಮಾಡಿ ಮುಂದೆ ಹೋಗುವುದು ಅವರ ಅಭ್ಯಾಸ. ನನಗೆ ಇದರಿಂದ ತಲೆ ಕೆಟ್ಟು ಹೋಗುತ್ತಿತ್ತು, ಏಕೆಂದರೆ ಆಮೇಲೆ ಬೇಕಾದ ಪೆನ್ನು ಕೈಗೆ ಸಿಗುತ್ತಿರಲಿಲ್ಲ.

ಇನ್ನೊಂದು, ಅವರಿಗೆ ಕೂರಲು ಬರುತ್ತಿರಲಿಲ್ಲ. ಉತ್ಪ್ರೇಕ್ಷೆಯಲ್ಲ. ಕುರ್ಚಿ ಕೊಟ್ಟರೆ ಅದರ ಬೆನ್ನು ಹಿಡಿದು ನಿಲ್ಲುತ್ತಿದ್ದರು. ಟೀ ಕುಡಿಯುವುದೂ ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ. ಮೀಟಿಂಗ್ ಎಂದರೆ ಅಂಡು ಸುಟ್ಟ ಬೆಕ್ಕಿನ ಹಾಗೆ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ.

"ಅಣ್ಣಾ, ಒಂದ್ ನಿಮಿಷ ಕೂತ್ಕೊಳ್ರೀ. ನಿಮ್ಮನ್ನ ನೋಡಿ ನಂಗೇ ತಲೆ ಸುತ್ತುತ್ತೆ."

"ಕೂತ್ರೆ ನೋಡೋರ್ ಯಾರು ಮೇಡಂ?"

ಏನನ್ನು ನೋಡಬೇಕು ಎಂದು ಕೇಳುವಷ್ಟರಲ್ಲಿ ಆಗಲೇ ವರಾಂಡದ ಆ ತುದಿ ತಲುಪಿರುತ್ತಿದ್ದರು.

ನಾನು ಅದೇ ಕೇಂದ್ರದ ನೀರಿನ ಪ್ರಯೋಗಾಲಯದವಳು. ಬಾವಿ, ಕೊಳವೆಬಾವಿ, ಒರತೆಗಳ ನೀರು ಬಾಟಲಿಯಲ್ಲಿ ಬರುತ್ತದೆ. ಅದರಲ್ಲಿ ಏನೇನು ಕರಗಿದೆ, ಎಷ್ಟು ಕರಗಿದೆ ಎಂದು ಅಳೆದು ಬರೆದುಕೊಡುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಬಾಟಲಿಗಳ ನಡುವೆಯೇ ಇರುವುದರಿಂದ ನನಗೂ ಒಂದು ಅಡ್ಡಹೆಸರು ಬಿದ್ದಿತ್ತು: ಬಾಟ್ಲಿ ಮೇಡಂ. ಹೊಸದಾಗಿ ಬಂದವರು ಅದನ್ನು ಕೇಳಿ ನನ್ನ ಕಡೆ ಒಂದು ಥರಾ ನೋಡುತ್ತಿದ್ದರು. ನಾನು ಅವರಿಗೆ ತಿಳಿಸಿ ಹೇಳಲು ಹೋಗುತ್ತಿರಲಿಲ್ಲ. ಹೆದರಿದರೆ ಹೆದರಲಿ, ಬಾಟಲಿಯನ್ನಾದರೂ ಸರಿಯಾದ ಹೊತ್ತಿಗೆ ವಾಪಸು ತರುತ್ತಾರೆ.

ನೆಟ್ಟಗಣ್ಣನ ಕೆಲಸ ಗುಡ್ಡದ ಮೇಲೆ. ಊರಿನ ಅಂಚಿನಲ್ಲಿ ಒಂದು ಇಳಿಜಾರು ಇದೆ, ಅದರ ಬುಡದಲ್ಲಿ ಹನ್ನೆರಡು ಮನೆಗಳ ಒಂದು ಸಾಲು. ಎಂಟು ವರ್ಷದ ಹಿಂದೆ, ಇಪ್ಪತ್ತು ದಿನ ಬಿಡದೆ ಮಳೆ ಹೊಡೆದ ಮೇಲೆ, ಮನೆಗಳ ಹಿಂದಿನ ನೆಲದಲ್ಲಿ ಮುಷ್ಟಿ ತೂರುವಷ್ಟು ಬಿರುಕು ಬಿಟ್ಟಿತು. ಪುರಸಭೆಯವರು ಹನ್ನೆರಡೂ ಮನೆ ಖಾಲಿ ಮಾಡಿಸಿ, ಬಾಗಿಲಿಗೆ ಅವರವರ ಬೀಗವನ್ನೇ ಹಾಕಿಸಿ, ಬೀಗದ ಮೇಲೆ ಸೀಲು ಒತ್ತಿದರು. ಗುಡ್ಡ ಜಾರುತ್ತಿದೆಯೋ ನಿಂತಿದೆಯೋ ನೋಡಿ ಹೇಳಿ ಎಂದು ನಮ್ಮ ಕೇಂದ್ರಕ್ಕೆ ಬರೆದರು. ನಮ್ಮವರು ಹೋಗಿ ಇಳಿಜಾರಿನ ಮೇಲೆ ಹದಿನಾಲ್ಕು ಕಬ್ಬಿಣದ ಗೂಟ ನೆಟ್ಟರು. ಮೇಲೆ, ಅಲುಗಾಡದ ಬಂಡೆಗೆ ಒಂದು ಕೊಕ್ಕೆ ಬಡಿದರು. ಬುಧವಾರಕ್ಕೊಮ್ಮೆ ಆ ಕೊಕ್ಕೆಯಿಂದ ಪ್ರತಿ ಗೂಟದ ತಲೆಯವರೆಗೆ ಉಕ್ಕಿನ ಟೇಪು ಎಳೆದು ದೂರ ಬರೆದುಕೊಳ್ಳಬೇಕು. ದೂರ ಹೆಚ್ಚುತ್ತಾ ಹೋದರೆ ಗುಡ್ಡ ಕೆಳಗೆ ಬರುತ್ತಿದೆ ಎಂದರ್ಥ, ಹೆಚ್ಚದಿದ್ದರೆ ನಿಂತಿದೆ. ಇಷ್ಟು ಸುಲಭದ ಕೆಲಸ. ಆದರೆ ಬಿಸಿಲಿರಲಿ ಮಳೆಯಿರಲಿ ವಾರ ತಪ್ಪದೆ ಹತ್ತುವವರು ಬೇಕಲ್ಲ? ಆಗ ಕಲ್ಲು ಕತ್ತರಿಸುವ ಮಷೀನಿನ ಮುಂದಿದ್ದ ನೆಟ್ಟಗಣ್ಣ "ನಾನ್ ಹೋಗ್ತೀನಿ" ಅಂದರು.

ಅವರಿಗೆ ಕಾರಣವೂ ಇತ್ತು. ಆ ಸಾಲಿನ ಐದನೇ ಮನೆ ಅವರ ಅಕ್ಕನದು.

ಅಕ್ಕ ಟೈಲರ್. ಒಬ್ಬರೇ ದುಡಿದು, ಒಬ್ಬರೇ ಕಟ್ಟಿಸಿದ ಮನೆ. ಮುಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮರದ ಮೇಜು, ಅದರ ಪಕ್ಕ ದೊಡ್ಡ ಕಿಟಕಿ. ಖಾಲಿ ಮಾಡಿ ಅಂದ ದಿನ ಹೊಲಿಗೆ ಮಷೀನನ್ನು ತಲೆ ಮೇಲೆ ಹೊತ್ತು ತಮ್ಮನ ಮನೆಗೆ ಬಂದರು. ಮೇಜು ಬಾಗಿಲಲ್ಲಿ ಹಿಡಿಸಲಿಲ್ಲ, ಕಾಲು ಬಿಚ್ಚಿ ಹೊರಗೆ ತರುವಷ್ಟು ಸಮಯ ಕೊಡಲಿಲ್ಲ. ತಮ್ಮನ ಮನೆ ಎರಡೇ ಕೋಣೆಯದು. ಅಡುಗೆಮನೆಯ ಮೂಲೆಯಲ್ಲಿ, ಒಲೆಯ ಕಡೆ ಬೆನ್ನು ಮಾಡಿಕೊಂಡು ಎಂಟು ವರ್ಷ ಹೊಲಿದರು. ಸ್ವಂತ ಮನೆಯ ಕೀಲಿಕೈ ಮಷೀನಿನ ಡ್ರಾಯರಿನಲ್ಲಿ, ಬಾಬಿನ್‌ಗಳ ಜತೆ ಇತ್ತು. ನನ್ನ ಬಟ್ಟೆ ಎಲ್ಲಾ ಅವರ ಹತ್ತಿರವೇ ಹೊಲಿಸುತ್ತಿದ್ದುದರಿಂದ ಆ ಕೀಲಿಕೈಯನ್ನು ಎಷ್ಟೋ ಸಲ ನೋಡಿದ್ದೇನೆ. ದಾರ ಹುಡುಕುವಾಗಲೆಲ್ಲ ಅದನ್ನು ಎತ್ತಿ ಪಕ್ಕಕ್ಕಿಡುತ್ತಿದ್ದರು.

ಬುಧವಾರ ಸಂಜೆ ನೆಟ್ಟಗಣ್ಣ ಮನೆಗೆ ಬಂದೊಡನೆ ಅಕ್ಕ ತಲೆ ಎತ್ತದೆ ಕೇಳುತ್ತಿದ್ದರಂತೆ, "ಏನಂತೆ ಗುಡ್ಡ?"

"ನಿಂತಿದೆ ಅಕ್ಕ."

ಎಂಟು ವರ್ಷವೂ ಅದೇ ಉತ್ತರ. ಹದಿನಾಲ್ಕು ಗೂಟಗಳೂ ನೆಟ್ಟ ದಿನ ಇದ್ದಲ್ಲೇ ಇದ್ದವು. ಒಂದು ಮಿಲಿಮೀಟರ್ ಆಚೆ, ಒಂದು ಮಿಲಿಮೀಟರ್ ಈಚೆ, ಅಷ್ಟೇ.

ನಮ್ಮ ವಿಭಾಗದ ಮುಖ್ಯಸ್ಥರನ್ನು ನಾವು ದೊಡ್ಡವರು ಅನ್ನುತ್ತಿದ್ದೆವು. ಎತ್ತರದಲ್ಲಿ ಅವರು ಎಲ್ಲರಿಗಿಂತ ಗಿಡ್ಡ. ಅವರು ಈ ಅಂಕಿಗಳನ್ನಿಟ್ಟುಕೊಂಡು ಒಂದು ವರದಿ ಬರೆದರು. 'ಇಳಿಜಾರು ಸಂಪೂರ್ಣ ವಿಶ್ರಾಂತಿಯಲ್ಲಿದೆ' ಎಂದು ಅದರ ಕೊನೆಯ ಸಾಲು. ಅದೇ ವಿಷಯಕ್ಕೆ ಒಂದು ಸಂಶೋಧನಾ ಲೇಖನವೂ ತಯಾರಾಗಿತ್ತು. ಶುಕ್ರವಾರ ಪುರಸಭೆಯವರು ಬಂದು ವರದಿ ತೆಗೆದುಕೊಳ್ಳುವುದು, ಸೋಮವಾರ ಹನ್ನೆರಡೂ ಬಾಗಿಲ ಸೀಲು ಒಡೆಯುವುದು ಎಂದು ನಿಶ್ಚಯವಾಯಿತು. ಸುದ್ದಿ ಕೇಳಿ ಅಕ್ಕ ಅಡುಗೆಮನೆ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿ ದಿನ ಎಣಿಸಲು ಶುರು ಮಾಡಿದರು.

ಆ ವರದಿಗೆ ಒಪ್ಪದವಳು ಇಡೀ ಕೇಂದ್ರದಲ್ಲಿ ನಾನೊಬ್ಬಳೇ. ಗುಡ್ಡದ ಬುಡದಲ್ಲಿ, ಮನೆಗಳ ಸಾಲು ಮುಗಿಯುವಲ್ಲಿ, ಒಂದು ಸಣ್ಣ ಒರತೆ ಇದೆ. ಪ್ರತಿ ಬುಧವಾರ ನೆಟ್ಟಗಣ್ಣ ಇಳಿಯುವಾಗ ಅದರ ನೀರನ್ನು ಒಂದು ಬಾಟಲಿ ತುಂಬಿ ತಂದುಕೊಡುತ್ತಿದ್ದರು. ಎರಡು ವರ್ಷದಿಂದ ಆ ನೀರಿನಲ್ಲಿ ಸಲ್ಫೇಟ್ ಏರುತ್ತಿತ್ತು. ಸಲ್ಫೇಟ್ ಎಂದರೆ ಗಂಧಕದ ಲವಣ. ಮೊದಲು ಲೀಟರಿಗೆ ಹದಿನೆಂಟು ಮಿಲಿಗ್ರಾಂ ಇದ್ದದ್ದು ಈಗ ಅರವತ್ತು ದಾಟಿತ್ತು. ಆ ಗುಡ್ಡದ ಕಲ್ಲಿನೊಳಗೆ ಹಿತ್ತಾಳೆ ಬಣ್ಣದ ಸಣ್ಣ ಹರಳುಗಳಿವೆ, ಅದು ಗಂಧಕ ಬೆರೆತ ಕಬ್ಬಿಣ. ಹಳೆಯ ಬಿರುಕಿನ ಹರಳುಗಳನ್ನು ನೀರು ಯಾವತ್ತೋ ತೊಳೆದು ಮುಗಿಸಿರುತ್ತದೆ. ಮತ್ತೆ ಗಂಧಕ ಬರುತ್ತಿದೆ ಎಂದರೆ ಒಳಗೆ ಕಲ್ಲು ಹೊಸದಾಗಿ ಒಡೆಯುತ್ತಿದೆ, ಹೊಸ ಮುಖಕ್ಕೆ ನೀರು, ಗಾಳಿ ತಗಲುತ್ತಿವೆ. ನಿಂತ ಗುಡ್ಡದೊಳಗೆ ಕಲ್ಲು ಯಾಕೆ ಒಡೆಯಬೇಕು?

ದೊಡ್ಡವರ ಮುಂದೆ ಹಾಳೆ ಇಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಬಾಟ್ಲಿ ಸರಿಯಾಗ್ ತೊಳ್ದಿಲ್ಲ ಅನ್ಸುತ್ತೆ."

"ಸರ್, ಎರಡು ವರ್ಷ, ನೂರಾ ನಾಲ್ಕು ಬಾಟ್ಲಿ. ನೂರಾ ನಾಲ್ಕೂ ಕೊಳಕಾ?"

"ಗೂಟ ಅಲುಗಿಲ್ಲಮ್ಮ. ಗೂಟ ಸುಳ್ಳು ಹೇಳುತ್ತಾ?"

ಮೈ ಉರಿದು ಹೋಯಿತು. ನೀರಿನಲ್ಲಿ ಕರಗಿದ ಲವಣಗಳಲ್ಲಿ ಧನ ವಿದ್ಯುದಂಶದವು, ಋಣ ವಿದ್ಯುದಂಶದವು ಎಂದು ಎರಡು ಪಕ್ಷ. ಎಲ್ಲವನ್ನೂ ಅಳೆದು ಕೂಡಿಸಿದರೆ ಎರಡೂ ಸಮನಾಗಬೇಕು. ಆಗದಿದ್ದರೆ ಅಳೆದವರು ಎಲ್ಲೋ ಎಡವಿದ್ದಾರೆ. ನನ್ನವು ನೂರಕ್ಕೆ ಎರಡರ ವ್ಯತ್ಯಾಸದೊಳಗೆ ಸಮನಾಗಿದ್ದವು. ಇದನ್ನೆಲ್ಲ ಹೇಳಿದೆ. ಅವರು "ನೋಡೋಣ" ಅಂದರು. ನಮ್ಮ ಕೇಂದ್ರದಲ್ಲಿ ನೋಡೋಣ ಎಂದರೆ ಎದ್ದು ಹೋಗಿ ಎಂದು.

ಹೊರಗೆ ಬಂದವಳಿಗೆ ಒಂದು ಅನುಮಾನ ಹುಟ್ಟಿತು. ಬಾಟಲಿ ತುಂಬುವವಳು ನಾನಲ್ಲ, ನೆಟ್ಟಗಣ್ಣ. ಹೊಸ ಬಾಟಲಿಯನ್ನು ಆ ಒರತೆಯ ನೀರಿನಲ್ಲೇ ಮೂರು ಸಲ ಕುಲುಕಿ ಚೆಲ್ಲಿ ಆಮೇಲೆ ತುಂಬಬೇಕು. ತೊಳೆಯುತ್ತಾರೋ ಇಲ್ಲವೋ? ವರದಿ ಕೊಡುವುದಕ್ಕೆ ಎರಡು ದಿನ ಮುಂಚಿನ ಬುಧವಾರ, ಬೆಳಿಗ್ಗೆ ಬೂಟು ಏರಿಸಿ ಅವರ ಹಿಂದೆ ಹೊರಟೆ.

"ನೀವ್ಯಾಕೆ ಮೇಡಂ ಸುಮ್ನೆ?" ಅಂದರು.

"ನಿಮ್ಮ ಮೇಲೆ ಕಣ್ಣಿಡೋಕೆ" ಅಂದೆ. ತಮಾಷೆ ಎಂದುಕೊಂಡು ನಕ್ಕರು. ನನಗೆ ಒಳಗೊಳಗೇ ನಾಚಿಕೆಯಾಯಿತು.

ಮೊದಲು ಒರತೆಗೇ ಹೋದೆವು. ಬಾಟಲಿಯನ್ನು ಅವರು ಮೂರಲ್ಲ, ನಾಲ್ಕು ಸಲ ತೊಳೆದರು. ಗುಳ್ಳೆ ಉಳಿಯದ ಹಾಗೆ ಕತ್ತಿನವರೆಗೆ ತುಂಬಿ, ಮುಚ್ಚಳ ಬಿಗಿದು, ಚೀಟಿಯನ್ನು ನೆಟ್ಟಗೆ ಅಂಟಿಸಿದರು. ಹೆಸರಿಡಲು ಒಂದೂ ಇರಲಿಲ್ಲ. ನನ್ನ ಅನುಮಾನವನ್ನು ನುಂಗಿಕೊಂಡು, ಬಂದದ್ದು ಬಂದೆ, ಗೂಟಗಳನ್ನೂ ನೋಡಿಬಿಡೋಣ ಎಂದು ಮೇಲೆ ಹತ್ತಿದೆ. ನಾನು ಆ ಇಳಿಜಾರನ್ನು ಹತ್ತಿದ್ದು ಅದೇ ಮೊದಲು. ಅವರು ಮುಂದೆ ಮುಂದೆ, ದಣಿವೇ ಇಲ್ಲ. ನಾನು ಹಿಂದೆ ಏದುಸಿರು ಬಿಡುತ್ತಾ.

ಒಂದನೇ ಗೂಟ, ಎರಡನೆಯದು, ಮೂರನೆಯದು. ಟೇಪಿನ ಆ ತುದಿ ಕೊಕ್ಕೆಯಲ್ಲಿ, ಈ ತುದಿ ಅವರ ಕೈಯಲ್ಲಿ. ಅವರು ಅಂಕಿ ಹೇಳಿದರು, ನಾನು ಬರೆದೆ. ನಾಲ್ಕನೇ ಗೂಟದ ಹತ್ತಿರ ಬಂದಾಗ ಅವರು ಟೇಪು ಕೆಳಗಿಟ್ಟರು. ಚೀಲದಿಂದ ಸುತ್ತಿಗೆ ತೆಗೆದರು. ಗೂಟದ ತಲೆ ಕೆಳಗಡೆಗೆ ಎರಡು ಬೆರಳಿನಷ್ಟು ವಾಲಿತ್ತು. ಅದನ್ನು ಅಲ್ಲಾಡಿಸಿ ಕಿತ್ತು, ತೂತಿಗೆ ಮಣ್ಣು ತುಂಬಿ ತುಳಿದು, ಮತ್ತೆ ಟೇಪು ಎಳೆದು, ಮೊದಲ ದಿನ ಬರೆದಿಟ್ಟ ದೂರಕ್ಕೆ ಸರಿಯಾಗಿ ಹಿಡಿದು, ಠಣ್ ಠಣ್ ಎಂದು ಹೊಡೆದು ಕೂರಿಸಿದರು. ಒಂದು ಕಣ್ಣು ಮುಚ್ಚಿ ನೋಡಿದರು.

"ನೆಟ್ಟಗಾಯ್ತು. ಈಗ ಓದ್ಬಹುದು, ಬರ್ಕೊಳ್ಳಿ ಮೇಡಂ."

ನನ್ನ ಕೈ ಬರೆಯಲಿಲ್ಲ.

"ಅಣ್ಣಾ, ಏನ್ ಮಾಡಿದ್ರಿ ಈಗ?"

"ವಾಲಿತ್ತಲ್ಲ. ದನ ಮೈ ಉಜ್ಜಿರ್ತವೆ. ನೆಟ್ಟಗೆ ಮಾಡ್ದೆ."

"ಪ್ರತಿ ಸಲ ಹೀಗೇ ಮಾಡ್ತೀರಾ?"

"ಮಾಡ್ದೇ ಮತ್ತೆ? ಗೂಟ ನೆಟ್ಟ ದಿನ ಸರ್ವೆ ಸಾಹೇಬ್ರು ನನ್ನ ಮುಖದ ಮೇಲೆ ಹೊಡ್ದ ಹಾಗೆ ಹೇಳಿದ್ರು, ಗೂಟ ನೆಟ್ಟಗಿರ್ಬೇಕು, ವಾಲಿದ್ ಗೂಟದ ಅಳತೆ ಯಾವನಿಗೆ ಬೇಕು ಅಂತ. ಅವತ್ತಿಂದ ಒಂದ್ ಗೂಟಾನೂ ವಾಲೋಕೆ ಬಿಟ್ಟಿಲ್ಲ ನಾನು."

ಹೆಮ್ಮೆಯಿಂದ ಹೇಳಿದರು. ಆ ಸಾಹೇಬರು ನೆಡುವ ದಿನದ ಮಾತು ಹೇಳಿದ್ದರು, ಗೂಟವನ್ನು ನೇರವಾಗಿ ನೆಡಿ ಎಂದಷ್ಟೇ. ಇವರು ಅದನ್ನು ಎಂಟು ವರ್ಷಕ್ಕೆ ಹಿಡಿದುಕೊಂಡಿದ್ದರು. ನೆಟ್ಟದ್ದು ನೆಟ್ಟಗಿರಬೇಕು. ಗುಡ್ಡ ಗೂಟವನ್ನು ಕೆಳಗೆ ಎಳೆದಾಗಲೆಲ್ಲ ಇವರು ಅದನ್ನು ಮೊದಲ ಜಾಗಕ್ಕೆ ತಂದು ನಿಲ್ಲಿಸಿ ಅಳೆದಿದ್ದರು. ಅಳತೆ ಬದಲಾಗುವುದಾದರೂ ಹೇಗೆ?

ನನಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅವರ ಮುಖ ನೋಡಿ ಧ್ವನಿ ಏಳಲಿಲ್ಲ. ಮೆಲ್ಲಗೆ ಹೇಳಿದೆ: "ಅಣ್ಣಾ, ಗೂಟ ವಾಲೋದನ್ನ ನೋಡೋಕೇ ಗೂಟ ನೆಟ್ಟಿದ್ದು."

ಅವರು ನಗಲು ಹೋದರು. ನಗು ಅರ್ಧಕ್ಕೆ ನಿಂತಿತು. ಸುತ್ತಿಗೆ ನೋಡಿದರು, ಗೂಟ ನೋಡಿದರು, ಕೆಳಗೆ ಹನ್ನೆರಡು ಮನೆಗಳ ಹೆಂಚಿನ ಸಾಲನ್ನು ನೋಡಿದರು. ಆಮೇಲೆ ಇದ್ದಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟರು. ಅವರು ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಂಗಿಯ ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟರು. ಮೂಲೆಗಳು ಸವೆದು ಗುಂಡಗಾಗಿದ್ದವು. ಒಳಗೆ ದುಂಡನೆಯ ಅಕ್ಷರದಲ್ಲಿ, ತಾರೀಕಿನ ಸಮೇತ: 'ಗೂಟ ೭, ಒಂದು ಬೆರಳು ವಾಲಿತ್ತು, ನೆಟ್ಟಗೆ ಮಾಡಿದೆ. ಗೂಟ ೪, ಒಂದೂವರೆ ಬೆರಳು, ನೆಟ್ಟಗೆ ಮಾಡಿದೆ.' ಪುಟ ಪುಟವೂ ಹೀಗೇ.

"ಇದೇನು?"

"ರಿಪೇರಿ ಪುಸ್ತಕ. ಇನ್ನೂ ಮೂರಿವೆ ಮನೇಲಿ."

"ಇದನ್ನ ಯಾರಿಗಾದ್ರೂ ತೋರಿಸಿದ್ರಾ?"

"ಯಾರೂ ಕೇಳ್ಲಿಲ್ವಲ್ಲ ಮೇಡಂ. ಅವರಿಗೆ ಅಳತೆ ಪುಸ್ತಕ ಸಾಕಿತ್ತು."

ನಾನು ಅಲ್ಲೇ ನಿಂತು ಪುಟ ತಿರುಗಿಸಿದೆ. ಎರಡು ವರ್ಷದ ಹಿಂದೆ ತಿಂಗಳಿಗೆ ಒಂದೋ ಎರಡೋ ರಿಪೇರಿ. ಈಚಿನ ಪುಟಗಳಲ್ಲಿ ವಾರಕ್ಕೆ ನಾಲ್ಕು, ಐದು. ನನ್ನ ಸಲ್ಫೇಟ್ ಏರಿದ್ದೂ ಆಗಲೇ. ನಾಚಿಕೆಯಿಲ್ಲದೆ ಹೇಳುತ್ತೇನೆ, ಒಂದು ಗಳಿಗೆ ನನಗೆ ಕುಣಿಯುವಷ್ಟು ಖುಷಿಯಾಯಿತು. ನೂರಾ ನಾಲ್ಕು ಬಾಟಲಿಗಳಲ್ಲಿ ಒಂದೂ ಕೊಳಕಾಗಿರಲಿಲ್ಲ. ಅವರು ಮಾತ್ರ ಹುಲ್ಲು ಕೀಳುತ್ತಾ ಕೂತಿದ್ದರು.

"ಸೋಮವಾರ ಅಕ್ಕ ಇಲ್ಲಿಗ್ ಬರ್ತಾಳೆ" ಅಂದರು.

"ನೀವೇ ಹೇಳ್ತೀರೋ, ನಾನ್ ಹೇಳ್ಲೋ?"

"ನಾನೇ ಹೇಳ್ತೀನಿ. ಮೊದಲು ಅವಳಿಗೆ."

ಆ ಸಂಜೆ ನನ್ನನ್ನೂ ಕರೆದುಕೊಂಡು ಹೋದರು. ಒಬ್ಬರೇ ಹೋಗುವ ಧೈರ್ಯ ಇರಲಿಲ್ಲ ಎಂದು ಕಾಣುತ್ತದೆ. ಅಡುಗೆಮನೆ ಮೂಲೆಯಲ್ಲಿ ಅಕ್ಕ ಶಾಲೆ ಮಕ್ಕಳ ಸಮವಸ್ತ್ರದ ರಾಶಿ ಹಾಕಿಕೊಂಡು ಹೊಲಿಯುತ್ತಿದ್ದರು. ಗೋಡೆ ಪಕ್ಕ ಹಗ್ಗ ಬಿಗಿದ ನಾಲ್ಕು ರಟ್ಟಿನ ಪೆಟ್ಟಿಗೆ. ನೆಟ್ಟಗಣ್ಣನ ಹೆಂಡತಿ ಟೀ ಕಾಸುತ್ತಿದ್ದರು.

"ಏನಂತೆ ಗುಡ್ಡ?" ಮಾಮೂಲಿನಂತೆ ಅಕ್ಕ ಕೇಳಿದರು.

"ನಿಂತಿಲ್ಲ ಅಕ್ಕ. ಇಷ್ಟ್ ದಿನ ನಾನೇ ನಿಲ್ಲಿಸ್ತಿದ್ದೆ."

ಮಷೀನು ನಿಂತಿತು. "ಒಗಟು ಬೇಡ. ಬಿಡಿಸಿ ಹೇಳು."

ಅವರು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಾ ಎಲ್ಲ ಹೇಳಿದರು. ಅಷ್ಟು ಸಣ್ಣ ಕೋಣೆಯಲ್ಲಿ ನಾಲ್ಕು ಹೆಜ್ಜೆಗೆ ಒಮ್ಮೆ ತಿರುಗಬೇಕಿತ್ತು. ಮುಗಿದ ಮೇಲೆ ಅಕ್ಕ ಕೇಳಿದರು.

"ಯಾರ್ಯಾರಿಗ್ ಗೊತ್ತು ಇದು?"

"ನಂಗೆ. ಇವರಿಗೆ."

ಅಕ್ಕ ನನ್ನ ಕಡೆ ತಿರುಗಿದರು. ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ. "ಎಂಟ್ ವರ್ಷ ನಿಂತಿರೋ ಗುಡ್ಡ, ಇನ್ನೂ ಹತ್ತು ವರ್ಷ ನಿಲ್ಲಲ್ಲ ಅಂತ ನೀವ್ ಬರ್ಕೊಡ್ತೀರೇನಮ್ಮ?"

"ಇಲ್ಲ ಅಕ್ಕ. ನಿಲ್ಲುತ್ತೆ ಅಂತಾನೂ ಬರ್ಕೊಡೋಕಾಗಲ್ಲ."

"ಮತ್ತೆ ನಿಮ್ಮ ಓದು ಯಾತಕ್ಕೆ ಬಂತು?"

ನೆಟ್ಟಗಣ್ಣನ ಹೆಂಡತಿ ಸೆರಗಿನಲ್ಲಿ ಕೈ ಒರೆಸುತ್ತಾ, "ಅತ್ತಿಗೆ, ಇಲ್ಲೇ ಇರಿ. ಯಾರ್ ಬೇಡ ಅಂದ್ರು?" ಅಂದರು.

"ಅದೇ ಕಣೇ. ಯಾರೂ ಬೇಡ ಅನ್ನಲ್ಲ. ಬೇಕು ಅಂತಾನೂ ಅನ್ನಲ್ಲ." ಅಕ್ಕ ಡ್ರಾಯರ್ ಎಳೆದು ಕೀಲಿಕೈ ತೆಗೆದು, ನೋಡಿ, ಮತ್ತೆ ಒಳಗೆ ಹಾಕಿ ದೂಡಿದರು. "ನಿಂಗೆ ನಿನ್ ಗೂಟ ನೆಟ್ಟಗಿದ್ರೆ ಸಾಕಿತ್ತು ಕಣೋ. ಹೋಗು, ಏನ್ ಹೇಳ್ತೀಯೋ ಹೇಳ್ಕೋ ಹೋಗು."

ಶುಕ್ರವಾರದ ಮೀಟಿಂಗಿನಲ್ಲಿ ವರದಿ ಮೇಜಿನ ಮೇಲೆ ಇತ್ತು, ಹೊಳೆಯುವ ರಟ್ಟು ಹಾಕಿ ಹೊಲಿದಿದ್ದರು. ಪುರಸಭೆಯಿಂದ ಇಬ್ಬರು ಬಂದಿದ್ದರು. ದೊಡ್ಡವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕಿಟಕಿ ಹತ್ತಿರ ನಿಂತಿದ್ದ ನೆಟ್ಟಗಣ್ಣ ಮುಂದೆ ಬಂದರು. ಎದುರಿಗೆ ಖಾಲಿ ಕುರ್ಚಿಯಿತ್ತು, ಅದರ ಬೆನ್ನು ಹಿಡಿದುಕೊಂಡರು.

"ಸಾರ್, ಆ ಅಳತೆ ಎಲ್ಲ ನನ್ನ ಕೈಯಲ್ಲೇ ಸರಿ ಮಾಡಿದ್ದು. ಗುಡ್ಡದ್ದಲ್ಲ."

ದೊಡ್ಡವರು ವರದಿಯ ಮೇಲೆ ಅಂಗೈ ಇಟ್ಟರು. ಸ್ವಲ್ಪ ಸರಿ ಮಾಡಿದರೆ ಏನೂ ಆಗುವುದಿಲ್ಲ ಅಂದರು. ಎಷ್ಟು ಸ್ವಲ್ಪ ಎಂದು ಪುರಸಭೆಯವರೊಬ್ಬರು ಕೇಳಿದರು. ಆಗ ನಾನು ಎರಡು ಹಾಳೆ ತೆಗೆದಿಟ್ಟೆ. ಒಂದರಲ್ಲಿ ನನ್ನ ಸಲ್ಫೇಟ್, ಇನ್ನೊಂದರಲ್ಲಿ ರಿಪೇರಿ ಪುಸ್ತಕಗಳಿಂದ ತಿಂಗಳುವಾರು ಎಣಿಸಿ ತೆಗೆದ ರಿಪೇರಿಗಳ ಸಂಖ್ಯೆ. ಎರಡು ಗೆರೆಗಳೂ ಜತೆಯಲ್ಲೇ ಏರಿದ್ದವು, ಜತೆಯಲ್ಲೇ. ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು ತೋರಿಸಿದೆ. ಸ್ವಲ್ಪ ನಾಟಕ ಆಡಿದೆ, ಒಪ್ಪುತ್ತೇನೆ. ದೊಡ್ಡವರು ಎರಡೂ ಹಾಳೆ ನೋಡಿ, ವರದಿಯನ್ನು ಎತ್ತಿ ಡ್ರಾಯರಿಗೆ ಹಾಕಿದರು. ಸೋಮವಾರ ಸೀಲು ಒಡೆಯಲಿಲ್ಲ.

ಮುಂದಿನ ವಾರ ನೆಟ್ಟಗಣ್ಣನಿಗೆ ಮೆಮೊ ಬಂತು. ವೈಜ್ಞಾನಿಕ ದತ್ತಾಂಶವನ್ನು ತಿದ್ದಿದ್ದಕ್ಕೆ ವಿವರಣೆ ಕೊಡಿ ಎಂದು. ಎಂಟು ವರ್ಷ ಒಂದು ಸಲವೂ ಗುಡ್ಡ ಹತ್ತಿ ನೋಡದವರು ಸಹಿ ಮಾಡಿದ ಮೆಮೊ ಅದು. ಹತ್ತಿ ನೋಡದವರ ಪಟ್ಟಿಯಲ್ಲಿ ನಾನೂ ಇದ್ದೆ, ನನಗೂ ಒಂದು ಮೆಮೊ ಕೊಡಬೇಕಿತ್ತು. ಅವರ ಪರವಾಗಿ ಮೂರು ಪುಟದ ಉತ್ತರ ಬರೆದೆ, ಬೈಗುಳ ಒಂದನ್ನು ಬಿಟ್ಟು ಎಲ್ಲ ಇತ್ತು. ಅವರು ಅದನ್ನು ಓದಿ, ಮಡಿಸಿ ಜೇಬಿಗಿಟ್ಟುಕೊಂಡು, ತಮ್ಮ ಕೈಯಲ್ಲೇ ಒಂದು ಸಾಲು ಬರೆದುಕೊಟ್ಟರು: 'ತಪ್ಪಾಯಿತು, ಇನ್ನು ಮುಟ್ಟುವುದಿಲ್ಲ.' ಕೆಲಸ ಉಳಿಯಿತು. ಆ ಗುಡ್ಡ ಹತ್ತಲು ಬೇರೆ ಯಾರೂ ಮುಂದೆ ಬರಲಿಲ್ಲ ಎನ್ನುವುದೂ ಒಂದು ಕಾರಣ.

ಆಮೇಲಿನ ಹನ್ನೊಂದು ತಿಂಗಳು ನಮಗೆ ಯಾರಿಗೂ ನೆಮ್ಮದಿ ಇರಲಿಲ್ಲ. ಗೂಟಗಳನ್ನು ವಾಲಲು ಬಿಟ್ಟೆವು, ಅವು ವಾಲಿದವು. ನೆಟ್ಟಗಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವುಗಳ ಮುಂದೆ ನಿಲ್ಲುತ್ತಿದ್ದರು. ಒಂದೊಂದು ಸಲ ಬಲಗೈ ಬಿಡಿಸಿಕೊಂಡು ಮುಂದೆ ಬರುತ್ತಿತ್ತು, ಎಡಗೈ ಅದನ್ನು ಹಿಡಿದೆಳೆಯುತ್ತಿತ್ತು. ನೋಡುತ್ತಿದ್ದರೆ ನನಗೆ ನಗು ಬರುತ್ತಿತ್ತು, ಸಂಕಟವೂ ಆಗುತ್ತಿತ್ತು. ಕೇಂದ್ರದಲ್ಲಿ ಅವರು ಗೋಡೆಯ ನಕ್ಷೆ ಸರಿಮಾಡುವುದನ್ನೂ ನಿಲ್ಲಿಸಿದರು. ನನ್ನ ಮೇಜಿನ ಮೇಲೆ ಪೆನ್ನುಗಳು ಬಿದ್ದಲ್ಲೇ ಬಿದ್ದಿರುತ್ತಿದ್ದವು, ಅದೂ ನನಗೆ ಹಿಡಿಸಲಿಲ್ಲ.

ಮನೆಯಲ್ಲಿ ಅಕ್ಕ ಅವರ ಜತೆ ಮಾತು ಬಿಟ್ಟಿದ್ದರು. ಬುಧವಾರ ಸಂಜೆ ಮಾತ್ರ ಮಷೀನು ನಿಲ್ಲಿಸದೆ ಒಂದೇ ಮಾತು, "ಬಿತ್ತಾ?"

"ಇಲ್ಲ."

ಅಷ್ಟೇ. ಮತ್ತೆ ಮಷೀನಿನ ಸದ್ದು. ಒಂದು ದಿನ ಒರತೆಯ ಹತ್ತಿರ ಬಾಟಲಿ ತೊಳೆಯುತ್ತಾ ನೆಟ್ಟಗಣ್ಣ ನನಗೆ ಹೇಳಿದರು: "ಮೇಡಂ, ಬೀಳ್ಬಾರ್ದು ಅಂತ ದಿನಾ ಅಂದ್ಕೋತೀನಿ. ಬಿದ್ರೆ ಅವಳು ನನ್ ಜೊತೆ ಮಾತಾಡ್ತಾಳೆ ಅಂತಾನೂ ಅನ್ಸುತ್ತೆ. ಇದೆಂಥಾ ಬುದ್ಧಿ?" ನನ್ನ ಬುದ್ಧಿಯೂ ಹಾಗೇ ಇತ್ತು. ಸಲ್ಫೇಟ್ ಎಪ್ಪತ್ತು ದಾಟಿದ ದಿನ ಮೊದಲು ನನಗಾದದ್ದು ಸಂತೋಷ, ಹೆದರಿಕೆ ಬಂದದ್ದು ಆಮೇಲೆ. ಅದನ್ನು ಅವರಿಗೆ ಹೇಳಿಬಿಟ್ಟೆ. ಇಬ್ಬರೂ ಬಾಟಲಿ ತುಂಬಿಕೊಂಡು ಹೊರಟೆವು.

ಹನ್ನೆರಡನೇ ತಿಂಗಳಲ್ಲಿ ಅಕ್ಕ ಪುರಸಭೆಗೆ ಅರ್ಜಿ ಹಾಕಿದರು. ಮನೆ ಬೇಡ, ಮೇಜು ತೆಗೆದುಕೊಳ್ಳಲು ಒಂದು ಗಂಟೆ ಸಾಕು ಎಂದು. ಒಣ ದಿನ ನೋಡಿ, ಕೇಂದ್ರದವರು ಜತೆಗಿದ್ದರೆ ಹೋಗಬಹುದು ಎಂದು ಒಪ್ಪಿಗೆ ಬಂತು. ಕೇಂದ್ರದವರು ಎಂದರೆ ನಾವಿಬ್ಬರೇ. ಒಂದು ಬುಧವಾರ ಬೆಳಿಗ್ಗೆ ಮೂವರೂ ಹೋದೆವು. ದಾರಿಯುದ್ದಕ್ಕೂ ಅಕ್ಕ ಮಾತಾಡಿದ್ದೆಲ್ಲ ನನ್ನ ಜತೆ. ನೆಟ್ಟಗಣ್ಣ ನಾಲ್ಕು ಹೆಜ್ಜೆ ಮುಂದೆ ಹೋಗುವುದು, ಹಿಂದೆ ಬರುವುದು, ಮತ್ತೆ ಮುಂದೆ ಹೋಗುವುದು.

ಐದನೇ ಮನೆ ಹೊರಗಿನಿಂದ ಚೆನ್ನಾಗಿಯೇ ಇತ್ತು. ಸುಣ್ಣ ಮಾಸಿತ್ತು, ಕಿಟಕಿ ಗಾಜು ಒಡೆದಿರಲಿಲ್ಲ. 'ನೋಡಿ, ನನ್ನ ಮನೆಗೆ ಏನಾಗಿದೆ?' ಎಂದು ಬಾಯಿಬಿಟ್ಟು ಕೇಳುವ ಹಾಗೆ ಅಕ್ಕ ನನ್ನ ಕಡೆ ನೋಡಿದರು. ಪುರಸಭೆಯವನು ಸೀಲು ಒಡೆದು ಬೀಡಿ ಸೇದಲು ದೂರ ಹೋದ. ಅಕ್ಕ ಕೀಲಿಕೈ ಹಾಕಿ ತಿರುಗಿಸಿದರು. ಬೀಗ ತೆರೆಯಿತು. ಚಿಲಕ ಸರಿಸಿ ಬಾಗಿಲು ತಳ್ಳಿದರು. ಬಾಗಿಲು ಕದಲಲಿಲ್ಲ.

ಮತ್ತೆ ತಳ್ಳಿದರು. ಭುಜ ಕೊಟ್ಟು ತಳ್ಳಿದರು. ಆಮೇಲೆ ಒಂದು ಹೆಜ್ಜೆ ಹಿಂದೆ ಬಂದು ನೋಡಿದರು. ನಾವೂ ನೋಡಿದೆವು. ಬಾಗಿಲಿನ ಚೌಕಟ್ಟು ಬುಡದಲ್ಲಿ ಹೇಗಿತ್ತೋ ಹಾಗೇ ಇತ್ತು, ಮೇಲೆ ಬೀದಿಯ ಕಡೆಗೆ ವಾಲಿ, ತಿರುಚಿಕೊಂಡು ಬಾಗಿಲನ್ನು ಕಚ್ಚಿ ಹಿಡಿದಿತ್ತು. ಒಂದು ಮೂಲೆಯಲ್ಲಿ ಗೋಡೆಗೂ ಚೌಕಟ್ಟಿಗೂ ನಡುವೆ ಸಂದು ಬಿಟ್ಟು ಒಳಗಿನ ಕತ್ತಲೆ ಕಾಣುತ್ತಿತ್ತು. ಇಡೀ ಮನೆ ಬಾಗಿದೆ ಎಂದು ಆಗ ತಿಳಿಯಿತು. ಒಂದೇ ಸಮ ಬಾಗಿದ್ದರಿಂದ ದೂರಕ್ಕೆ ಗೊತ್ತಾಗಿರಲಿಲ್ಲ.

ನೆಟ್ಟಗಣ್ಣನ ಕೈ ಆಗಲೇ ಹೋಗಿತ್ತು. ಎರಡೂ ಅಂಗೈ ಚೌಕಟ್ಟಿಗೆ ಒತ್ತಿ, ಕಾಲು ಊರಿ, ಹಲ್ಲು ಕಚ್ಚಿ ತಳ್ಳತೊಡಗಿದರು. ಇಡೀ ಗುಡ್ಡವನ್ನೇ ಹಿಂದಕ್ಕೆ ತಳ್ಳುವವರಂತೆ. "ಸರಿಯಾಗುತ್ತೆ ಅಕ್ಕ, ಒಂದ್ ನಿಮಿಷ, ಸರಿ ಮಾಡ್ತೀನಿ" ಅನ್ನುತ್ತಿದ್ದರು.

ಅಕ್ಕ ಹತ್ತಿರ ಹೋಗಿ ತಮ್ಮನ ಮಣಿಕಟ್ಟು ಹಿಡಿದುಕೊಂಡರು. 'ಬಿತ್ತಾ?' ಎನ್ನುವುದನ್ನು ಬಿಟ್ಟರೆ, ವರ್ಷದ ಮೇಲೆ ಅವರು ತಮ್ಮನ ಜತೆ ಆಡಿದ ಮೊದಲ ಮಾತು ಅದು:

"ಬಿಡೋ. ವಾಲಿದ್ದು ಹಾಗೇ ಇರ್ಲಿ. ಎಷ್ಟು ಬೆರಳು ಅಂತ ನೋಡಿ ಬರ್ಕೋ."

ನೆಟ್ಟಗಣ್ಣ ಕೈ ತೆಗೆದರು. ಜೇಬಿನಿಂದ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟರು. ಅಕ್ಕನೇ ಚೌಕಟ್ಟಿನ ಸಂದಿಗೆ ಬೆರಳಿಟ್ಟು ಅಳೆದರು. ಮೂರು ಬೆರಳು ಅಂದರು, ನಾನು ಬರೆದುಕೊಂಡೆ.